ಬಿಲ್ಲಿನ ಮೇಲಿನ ಚಿತ್ತಾರ: ವೀರಗಲ್ಲಿನಲ್ಲಿ ನಾವು ಓದದೆ ಬಿಟ್ಟದ್ದು

ಹೋದ ಬೇಸಿಗೆಯಲ್ಲಿ ಪಡಿಯಚ್ಚಿನ ಸಾಮಾನು ತರಲಿಕ್ಕೆ ಬೆಳಗಾವಿಯ ರವಿವಾರ ಪೇಟೆಗೆ ಹೋಗಿದ್ದೆ. ಮಸಿ ಕಲೆಸಲು ಗೋಂದು ಬೇಕಿತ್ತು. ಅಂಗಡಿಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. ಅವರಿಗೂ ಗೋಂದೇ ಬೇಕಾಗಿತ್ತು. ಕಂಕುಳಲ್ಲಿ ಬೇಗಡೆ ಕಾಗದದ ಸುರುಳಿ. ಖಾನಾಪುರ ಕಡೆಯ ಒಂದು ಹಳ್ಳಿಯವರಂತೆ. ಬಡಿಗತನ ಮನೆತನದ ಉದ್ಯೋಗ. ಅದರ ಜೊತೆಗೆ ದೊಡ್ಡಾಟದ ಮೇಳಗಳಿಗೆ ಕಿರೀಟ, ಭುಜಕೀರ್ತಿ, ಗದೆ, ಬಿಲ್ಲು ಮಾಡಿಕೊಡುತ್ತಾರೆ.

“ನಿಮ್ದೇನು ಉದ್ಯೋಗರಿ ಸರ?” ಅಂದರು.

“ಹಳೇ ಕಲ್ಲಿನ ಮ್ಯಾಲಿನ ಬರಹ ಓದ್ತೀನ್ರಿ ಕಾಕಾ. ಶಾಸನ, ವೀರಗಲ್ಲು.”

“ಹಂಗಾದ್ರ ಒಂದು ಮಾತು ಕೇಳ್ತೀನಿ. ನಮ್ಮೂರಾಗೂ ಒಂದು ವೀರಗಲ್ಲ ಐತಿ. ಕೈಯಾಗ ಬಿಲ್ಲ ಹಿಡದಾನ. ನಾನು ಆಟದ ಬಿಲ್ಲಿಗೆ ಬಳ್ಳಿ ಕೆತ್ತತೀನಿ, ಹೂವ ಕೆತ್ತತೀನಿ, ಮ್ಯಾಲ ಬೇಗಡೆ ಹಚ್ಚತೀನಿ. ಖರೇ ಬಿಲ್ಲಿನ ಮ್ಯಾಲೂ ಹಂಗ ಇರತಿತ್ತೇನು? ಇಲ್ಲಾ ಇದು ನಮ್ಮ ಆಟದ ಸೋಗು ಅಷ್ಟೇನು?”

ನನಗೆ ಉತ್ತರ ಬರಲಿಲ್ಲ. ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು ನೋಡಿದೆ. ಕಲ್ಲಿನ ಅಳತೆ ಇದೆ, ಸಾಲುಗಳ ಸಂಖ್ಯೆ ಇದೆ, ಲಿಪಿಯ ಕಾಲ ಇದೆ, ತ್ರುಟಿತ ಅಕ್ಷರಗಳ ಬಗ್ಗೆ ಪುಟಗಟ್ಟಲೆ ತಕರಾರು ಇದೆ. ಶಿಲ್ಪದ ಬಗ್ಗೆ ಮಾತ್ರ ಒಂದೇ ಸಾಲು: “ಕೆಳಪಟ್ಟಿಕೆಯಲ್ಲಿ ಯುದ್ಧದ ದೃಶ್ಯ.” ವೀರನ ಕೈಯಲ್ಲಿ ಬಿಲ್ಲಿದ್ದರೆ “ಬಿಲ್ಲು ಹಿಡಿದ ವೀರ.” ಆ ಬಿಲ್ಲು ಎಂಥದ್ದು, ಎಷ್ಟು ಬಾಗಿದೆ, ಅದರ ಮೇಲೆ ಗೆರೆಯಿದೆಯೋ ಹೂವಿದೆಯೋ, ಎಲ್ಲಿಯೂ ಬರೆದಿಲ್ಲ. ನೋಡಿರಲಿಲ್ಲ ಅನ್ನುವುದೇ ಸರಿ. ಈ ಟಿಪ್ಪಣಿ ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ. ತಡವಾಗಿ ಬರೆಯುತ್ತಿದ್ದೇನೆ.

ಮರ ಉಳಿಯೋದಿಲ್ಲ, ಹೆಸರು ಉಳಿಯುತ್ತೆ

ನಮ್ಮ ಹವೆಯಲ್ಲಿ ಮರದ ಬಿಲ್ಲು ಸಾವಿರ ವರ್ಷ ಬಾಳೋದಿಲ್ಲ. ಗೆದ್ದಲು, ಮಳೆ, ಒಲೆ, ಈ ಮೂರೂ ಬಿಡುವುದಿಲ್ಲ. ಕತ್ತಿಯಾದರೆ ತುಕ್ಕು ಹಿಡಿದಾದರೂ ನೆಲದಲ್ಲಿ ಸಿಗುತ್ತದೆ. ಬಾಣದ ಕಬ್ಬಿಣದ ಮೊನೆ ಸಿಗುತ್ತದೆ. ಬಿಲ್ಲು ಸಿಗುವುದಿಲ್ಲ. ಹಾಗಾಗಿ ಅದರ ಚರಿತ್ರೆಗೆ ನಮಗಿರುವುದು ಎರಡೇ ಆಧಾರ: ಮಾತು ಮತ್ತು ಕಲ್ಲು.

ಮೊದಲು ಮಾತಿನ ಆಧಾರ ನೋಡೋಣ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಲೆಕ್ಕ ಬರುತ್ತದೆ. ಅಲ್ಲಿ ಬಿಲ್ಲಿಗೆ ನಾಲ್ಕು ವಸ್ತು ಹೇಳಿದೆ: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಎಕ್ಕದ ನಾರು, ಸಣಬು, ಬಿದಿರು, ಪ್ರಾಣಿಯ ನರ ಇತ್ಯಾದಿ. ನಮ್ಮ ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಅಂದರೆ ಬಿದಿರಿನ ಊರು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಶಾಸನಗಳಲ್ಲಿ ಈ ಊರು ಬರುತ್ತದೆ. ಆ ಕಲ್ಲುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಿದಿರಿನ ಊರಿನವರಿಗೆ ಬಿಲ್ಲಿನ ವಸ್ತುವಿಗೆ ಬರ ಇದ್ದಿರಲಾರದು.

ಕನ್ನಡದಲ್ಲಿ ಬಿಲ್ಲಿನ ಪದಗಳು ಹೇರಳ. ಹಿಡಿಯುವ ಜಾಗ ಹಿಡಿ. ಹೆದೆ ಸಿಕ್ಕಿಸುವ ತುದಿ ಕೊಪ್ಪು. ಹಗ್ಗಕ್ಕೆ ಹೆದೆ, ತಿರು, ನಾರಿ ಎಂದು ಮೂರು ಹೆಸರು. ಕೊಂಬಿನ ಬಿಲ್ಲಿಗೆ ಸಿಂಗಾಡಿ. ಬಿಲ್ವಿದ್ಯೆ ಕಲಿಸುವವನು ಬಿಲ್ಲೋಜ. ಈ ಕಡೆಯ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲ್ಲು ಕೆತ್ತಿದವನೂ ಮರ ಕೆತ್ತಿದವನೂ

ಕಲ್ಲಿನ ಮೇಲಿನ ಬಿಲ್ಲನ್ನು ನಂಬಬಹುದೇ? ಶಿಲ್ಪಿ ಮನಸ್ಸಿಗೆ ಬಂದಂತೆ ಕೆತ್ತಿರಬಹುದಲ್ಲ ಎಂಬ ಅನುಮಾನ ಸಹಜ. ಇದಕ್ಕೆ ಶಾಸನಗಳಲ್ಲೇ ಒಂದು ಸಮಾಧಾನವಿದೆ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿಯ ಒಂದು ಶಾಸನ ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಯನ್ನು ಹೊಗಳುತ್ತದೆ. ಹೊಗಳುವಾಗ ಮನೆ, ಪ್ರಾಸಾದಗಳ ಜೊತೆಗೆ ವಾಹನ, ಆಸನ, ಶಯನಗಳನ್ನೂ ಹೆಸರಿಸುತ್ತದೆ. ವಾಹನ, ಪೀಠ, ಮಂಚ ಎಂದರೆ ಬಹುಪಾಲು ಮರಗೆಲಸವೇ. ಅಂದರೆ ದೇಗುಲ ಕಟ್ಟುವವನ ಕೀರ್ತಿಯಲ್ಲಿ ಮರದ ಕೆಲಸಕ್ಕೂ ಪಾಲಿತ್ತು. ಅದೇ ದೇವಾಲಯದಲ್ಲಿ ಕಿರಾತಾರ್ಜುನರ ಕಥೆಯ ಶಿಲ್ಪಗಳೂ ಇವೆ, ಬಿಲ್ಲನ್ನು ಬಿಟ್ಟು ಹೇಳಲಾಗದ ಕಥೆ.

ಮುಂದಿನ ಕಾಲಕ್ಕೆ ಬಂದರೂ ಇದೇ. ಬಡಗಿ, ಕಮ್ಮಾರ, ಕಂಚುಗಾರ, ಕಲ್ಲುಕುಟಿಗ, ಅಕ್ಕಸಾಲಿ, ಈ ಐದೂ ಕಸುಬಿನವರು ಪಾಂಚಾಳರೆಂಬ ಒಂದೇ ಹೆಸರಿನಲ್ಲಿ ಸೇರುತ್ತಾರೆ. ಶಿಲ್ಪಿಗಳ ಹೆಸರಿನ ಕೊನೆಯಲ್ಲಿ ಬರುವ ‘ಓಜ’, ದಾಸೋಜ, ಮಲ್ಲೋಜ ಎನ್ನುವಾಗಿನ ಓಜ, ಮತ್ತು ಬಿಲ್ಲೋಜದ ಓಜ ಒಂದೇ ಮೂಲದ್ದು: ಉಪಾಧ್ಯಾಯ. ಕಲಿಸುವವನು ಓಜ. ಬಿಲ್ಲು ಕಲಿಸಿದವನೂ ಕಲ್ಲು ಕಲಿಸಿದವನೂ ಒಂದೇ ಗೌರವದ ಹೆಸರಿಗೆ ಬಾಧ್ಯರು. ಕಲ್ಲು ಕೆತ್ತುವವನ ಮನೆಯ ಹಿತ್ತಲಲ್ಲೇ, ಇಲ್ಲವೇ ಪಕ್ಕದ ಮನೆಯಲ್ಲಿ, ಮರ ಕೆತ್ತುವವನಿದ್ದ. ಹಾಗಾಗಿ ಕಲ್ಲಿನ ಬಿಲ್ಲಿನಲ್ಲಿ ಕಂಡು ಕೆತ್ತಿದ ಅಂಶ ಇರಲೇಬೇಕು. ಯಾವುದು ಕಂಡದ್ದು, ಯಾವುದು ಕಲ್ಪಿಸಿದ್ದು ಅನ್ನುವುದನ್ನು ಬೇರ್ಪಡಿಸಿಕೊಳ್ಳುವುದು ನಮ್ಮ ಕೆಲಸ.

ದೇವರ ಬಿಲ್ಲು, ಊರವನ ಬಿಲ್ಲು

ಬೇಲೂರಿನ ಮದನಿಕೆಯರಲ್ಲಿ ಬೇಟೆಗಾತಿಯರಿದ್ದಾರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮೇಲೆ ಭಾರತ ಯುದ್ಧದ ಬಿಲ್ಲಾಳುಗಳಿದ್ದಾರೆ, ಮತ್ಸ್ಯಯಂತ್ರ ಹೊಡೆಯುವ ಅರ್ಜುನನಿದ್ದಾನೆ. ಹೊಯ್ಸಳ ರೂವಾರಿ ಖಾಲಿ ಜಾಗ ಸಹಿಸುವವನಲ್ಲ. ಕೈಬಳೆಯ ಮೇಲೆ ಹರಿದ ಉಳಿ ಬಿಲ್ಲಿನ ಮೇಲೂ ಹರಿದಿದೆ. ಪಟ್ಟಿ, ಮಣಿಸಾಲು, ಸುರುಳಿ ತಿರುಗಿದ ಕೊಪ್ಪು.

ಅದೇ ಕಣ್ಣಿನಿಂದ ಹಳ್ಳಿಯ ವೀರಗಲ್ಲುಗಳ ಹತ್ತಿರ ಬನ್ನಿ. ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಚಿತ್ರದುರ್ಗದ ಬಳಿಯ ತಮಟಕಲ್ಲಿನ ಗುಣಮಧುರನ ಕಲ್ಲು ಸುಮಾರು 5ನೆಯ ಶತಮಾನದ್ದು. ಅಲ್ಲಿಂದ ಸಾವಿರ ವರ್ಷಕ್ಕೂ ಮೀರಿ ಈ ಪರಂಪರೆ ನಡೆದಿದೆ. ತುರುಗೊಳಲ್ಲಿ ದನ ಬಿಡಿಸಲು ಹೋಗಿ ಸತ್ತವನು, ಪೆಣ್ಬುಯ್ಯಲಲ್ಲಿ ಹೆಣ್ಣುಮಕ್ಕಳ ಮಾನ ಕಾಯ್ದು ಸತ್ತವನು, ಊರಳಿವಿನಲ್ಲಿ ಊರಿಗಾಗಿ ಸತ್ತವನು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ನೋಡಿದವರಿಗೆ ಗೊತ್ತು. ತುಂಬೆಪಾಡಿಯ ಕಾಳಗದಲ್ಲಿ ಬಿದ್ದ ನಾಗತ್ತರನ ಆ ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳು ಎಲ್ಲರೂ ಇಕ್ಕಟ್ಟಿನಲ್ಲಿ ಹೊಡೆದಾಡುತ್ತಿದ್ದಾರೆ.

ಸಾಮಾನ್ಯ ಹಳ್ಳಿಗಲ್ಲುಗಳಲ್ಲಿ ಬಿಲ್ಲು ಬಹುಮಟ್ಟಿಗೆ ಬೋಳು. ಒಂದೇ ಬಾಗು, ಅಥವಾ ತುದಿಯಲ್ಲಿ ಹೊರಕ್ಕೆ ತಿರುಗಿದ ಕೊಪ್ಪು. ಅಷ್ಟೇ. ನಾನು ಇದನ್ನು ಬಡತನ ಅಂತ ತಿಳಿದಿದ್ದೆ. ಹಳ್ಳಿಯ ಕಲ್ಲುಕುಟಿಗನಿಗೆ ಹೊಯ್ಸಳರ ಕೈಚಳಕ ಎಲ್ಲಿಂದ ಬರಬೇಕು, ಕೂಲಿ ಎಷ್ಟು ಕೊಟ್ಟಿದ್ದರೋ ಏನೋ, ಅಂತ. ಆ ತಿಳುವಳಿಕೆ ತಪ್ಪು ಅಂತ ಗೊತ್ತಾದದ್ದು ಹಿರಿಯರ ಊರಿಗೆ ಹೋದಾಗ.

ಕಾಕಾ ಓದಿದ ಮೂರು ಗೆರೆ

ಹಲಸಿ ಇರುವ ತಾಲ್ಲೂಕು ಅದು, ಕದಂಬರ ಪಲಾಶಿಕೆ. ಆದರೆ ನಾವು ನೋಡಬೇಕಾಗಿದ್ದ ಕಲ್ಲಿಗೆ ರಾಜರ ಹೆಸರೇನೂ ಇಲ್ಲ. ಅಕ್ಷರವೇ ಇಲ್ಲ. ಅಕ್ಷರ ಇಲ್ಲದ ಕಲ್ಲಿಗೆ ನಾನು ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಕೊಡುವವನಲ್ಲ. ಅವತ್ತು ಮಾತು ಕೊಟ್ಟಿದ್ದೆ, ಹೋದೆ. ಹನುಮಪ್ಪನ ಗುಡಿಯ ಜೀರ್ಣೋದ್ಧಾರ ನಡೆದು ಕಟ್ಟೆಗೆ ಸಿಮೆಂಟು ಹಾಕಿದ್ದರು. ಕಲ್ಲಿನ ಬುಡ ಸಿಮೆಂಟಿನೊಳಗೆ ಹೋಗಿತ್ತು, ಬಿಲ್ಲಿನ ಕೆಳಗಿನ ತುದಿ ಅದರ ಜೊತೆಗೇ ಹೋಗಿತ್ತು. ಉಳಿದ ಭಾಗಕ್ಕೆ ಎಣ್ಣೆ ಹತ್ತಿ ಕರ್ರಗಾಗಿತ್ತು. ಸಂಜೆಯ ಓರೆ ಬಿಸಿಲು ಬರುವವರೆಗೆ ಕಾದೆವು. ಬಿಸಿಲು ಬಿದ್ದಾಗ ಬಿಲ್ಲು ಎದ್ದು ಕಂಡಿತು. ಮೈಯೆಲ್ಲ ಬೋಳು, ಹಿಡಿಯ ಹತ್ತಿರ ಮಾತ್ರ ಮೂರು ಅಡ್ಡ ಗೆರೆ. ಮೇಲಿನ ಕೊಪ್ಪು ಹೊರಕ್ಕೆ ಸುರುಳಿ ತಿರುಗಿ ಮೊಗ್ಗಿನಂತೆ ನಿಂತಿದೆ.

“ಹಿಡಿಗೆ ಸ್ವಲ್ಪ ಅಲಂಕಾರ ಮಾಡ್ಯಾರ,” ಅಂದೆ.

ಕಾಕಾ ಬೆರಳಿನಿಂದ ಗೆರೆಗಳನ್ನು ಸವರಿ ನೋಡಿದರು. “ಅಲಂಕಾರ ಅಲ್ಲರಿ ಸರ. ಹುರಿ ಸುತ್ಯಾರ. ಕೈ ಜಾರಬಾರದಂತ.”

“ಮತ್ತ ಉಳಿದ ಮೈ ಯಾಕ ಬೋಳು ಬಿಟ್ಟಾನ?”

“ಅಲ್ಲಿ ಕೆತ್ತಿದ್ರ ಬಿಲ್ಲ ಮುರೀತೈತಿ!”

ಅವರು ಬಿದಿರಿನ ಒಂದು ದಬ್ಬೆ ತಂದು ಬಗ್ಗಿಸಿ ತೋರಿಸಿದರು. ಹೆದೆ ಎಳೆದಾಗ ಗುರಿಯ ಕಡೆ ಇರುವ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆ ಇರುವ ಮೈ ಕುಗ್ಗುತ್ತದೆ. ಹಿಗ್ಗುವ ಕಡೆ ಮರದ ನಾರು ಉದ್ದಕ್ಕೂ ಅಖಂಡವಾಗಿರಬೇಕು. ಬಿದಿರಾದರೆ ಹೊರಗಿನ ಸಿಪ್ಪೆಯನ್ನು ಆ ಕಡೆಗೇ ಇಡುತ್ತಾರೆ, ಅದಕ್ಕೆ ಕತ್ತಿ ತಾಗಿಸುವುದಿಲ್ಲ. ಅವರು ಆ ಮೈಮೇಲೆ ಉಳಿಯಿಂದ ಒಂದು ಸಣ್ಣ ಕಚ್ಚು ಹಾಕಿ ಮತ್ತೆ ಬಗ್ಗಿಸಿದರು. ಕಚ್ಚಿನಿಂದಲೇ ಸೀಳು ಎದ್ದಿತು. ದಬ್ಬೆ ಟಪ್ಪಂತ ಮುರಿಯಿತು.

ಇಷ್ಟೇ ವಿಷಯ. ಆದರೆ ಇದು ತಿಳಿದ ಮೇಲೆ ಕಲ್ಲಿನ ಬಿಲ್ಲುಗಳನ್ನು ಓದುವ ರೀತಿಯೇ ಬದಲಾಗುತ್ತದೆ. ಬಳಸುವ ಮರದ ಬಿಲ್ಲಿನಲ್ಲಿ ಕೆತ್ತನೆಗೆ ಸುರಕ್ಷಿತ ಜಾಗ ಎರಡೇ: ಬಾಗದೆ ದಪ್ಪಗಿರುವ ಹಿಡಿ, ಮತ್ತು ಹೆಚ್ಚು ಬಾಗದ ಕೊಪ್ಪು. ಮೊಗ್ಗು, ಸುರುಳಿ, ಗಿಳಿಮೂಗು ಏನಿದ್ದರೂ ಅಲ್ಲಿ. ನಡುವಿನ ಬಾಗುವ ಮೈಗೆ ಬಣ್ಣ ಬಳಿಯಬಹುದು, ಹುರಿ ಅಥವಾ ನರ ಸುತ್ತಬಹುದು. ಸುತ್ತಿದರೆ ಬಲವೇ ಹೆಚ್ಚುತ್ತದೆ. ಆಳವಾಗಿ ಕೆತ್ತುವಂತಿಲ್ಲ. ಹೊಯ್ಸಳ ಶಿಲ್ಪದ ಬಿಲ್ಲಿನ ಅಡ್ಡ ಪಟ್ಟಿಗಳನ್ನು ನಾವು ಕೆತ್ತನೆ ಅಂದುಕೊಳ್ಳುತ್ತೇವೆ. ಅವು ಮೂಲದಲ್ಲಿ ಸುತ್ತಿದ ಕಟ್ಟುಗಳ ನೆನಪಾಗಿರಬಹುದು. ಆ ಪಟ್ಟಿಗಳ ನಡುವೆ ತುಂಬಿದ ಮಣಿಸಾಲು ಶಿಲ್ಪಿಯ ಸಂಭ್ರಮ. ದೇವರ ಬಿಲ್ಲು ಮುರಿಯುವ ಭಯವಿಲ್ಲ, ಎಲ್ಲಿ ಬೇಕಾದರೂ ಹೂವು ಬಿಡಿಸಬಹುದು. ಊರವನ ಬಿಲ್ಲು ಹಾಗಲ್ಲ. ಆ ಕಲ್ಲನ್ನು ನಿಲ್ಲಿಸುವ ಹೊತ್ತಿಗೆ ಸುತ್ತ ನಿಂತವರಲ್ಲಿ ಬಿಲ್ಲು ಹಿಡಿದ ಕೈಗಳು ಎಷ್ಟೋ ಇದ್ದವು. ತಪ್ಪು ಕೆತ್ತಿದ್ದರೆ ಅವರೇ ನಗುತ್ತಿದ್ದರು. ಹಳ್ಳಿಗಲ್ಲಿನ ಬೋಳುತನ ಬಡತನವಲ್ಲ, ಕರಾರುವಾಕ್ಕು ಕೆಲಸ.

ಅಕ್ಷರವಿಲ್ಲ ಅಂತ ನಾನು ಐದು ನಿಮಿಷವೂ ಕೊಡದೆ ಹೋಗಬಹುದಾಗಿದ್ದ ಕಲ್ಲಿನ ಮೇಲೆ ಮೂರು ಗೆರೆಯ ಒಂದು ಬರಹವಿತ್ತು. ಅದನ್ನು ಓದಿದ್ದು ಬಡಿಗತನದ ಕೈ.

ಬಿಲ್ಲು ಹೋದದ್ದು ಗೆದ್ದಲಿಗೆ ಮಾತ್ರವಲ್ಲ

“ನಿಮ್ಮ ಮನ್ಯಾಗ ಹಳೇ ಬಿಲ್ಲ ಇಲ್ಲೇನ್ರಿ?” ಅಂತ ಕೇಳಿದೆ. ಇಲ್ಲ. ಅಜ್ಜನ ಕಾಲದಲ್ಲೂ ಇರಲಿಲ್ಲ. ಆಟದ ಬಿಲ್ಲು ಮಾತ್ರ ಇತ್ತಂತೆ.

ಇದಕ್ಕೆ ಬಂದೂಕು ಬಂದದ್ದು ಒಂದು ಕಾರಣ. ಇನ್ನೊಂದು ಕಾರಣ ಕಾಯಿದೆ ಪುಸ್ತಕದಲ್ಲಿದೆ. ಅದನ್ನು ಹೇಳಲು ನಮ್ಮ ಶಾಸನಕ್ಷೇತ್ರದ ಹಿರಿಯ ಜೆ. ಎಫ್. ಫ್ಲೀಟ್ ಅವರಿಂದ ಶುರುಮಾಡಬೇಕು. ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಈ ಭಾಗದಲ್ಲಿ ಕೆಲಸ ಮಾಡಿದ ಫ್ಲೀಟ್, ಹಲಸಿಯ ಕದಂಬ ತಾಮ್ರಪಟಗಳನ್ನು 1870ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದರು. 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞರಾದರು. ಅದೇ ಫ್ಲೀಟ್ ಅದೇ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನೂ ಪ್ರಕಟಿಸಿದರು. ಅವುಗಳಲ್ಲಿ ಒಂದು ಹಲಗಲಿ ಬೇಡರದು.

ಹಲಗಲಿಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 1857ರಲ್ಲಿ ಕಂಪನಿ ಸರ್ಕಾರ ಹತಾರು ಒಪ್ಪಿಸಬೇಕೆಂದು ಹುಕುಂ ಹೊರಡಿಸಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಬೇಟೆಯನ್ನೇ ನಂಬಿದವರಿಗೆ ಹತಾರು ಕೊಡುವುದೆಂದರೆ ಅನ್ನವನ್ನೂ ಹೆಸರನ್ನೂ ಒಟ್ಟಿಗೆ ಕೊಟ್ಟಂತೆ.

ಅದಾದ 21 ವರ್ಷಕ್ಕೆ, 1878ರ ಆಯುಧ ಕಾಯಿದೆ ಬಂತು. ಆಯುಧ ಅಂದರೆ ಏನು ಅಂತ ಅದರ ವ್ಯಾಖ್ಯೆಯಲ್ಲೇ ಹೇಳಿದೆ. ಬಂದೂಕು, ಕತ್ತಿ, ಕಠಾರಿ, ಈಟಿಗಳ ಸಾಲಿನಲ್ಲಿ ಬಿಲ್ಲುಬಾಣಗಳನ್ನೂ ಹೆಸರಿಸಿ ಸೇರಿಸಿದ್ದಾರೆ. ಕೊಡಗಿನವರಿಗೆ ವಿನಾಯಿತಿ ಇತ್ತು, ಅವರ ಮನೆಗಳಲ್ಲಿ ಕೋವಿ, ಒಡಿಕತ್ತಿ ಉಳಿದು ಇವತ್ತಿಗೂ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತವೆ. ಬಯಲುಸೀಮೆಯ ಬಡವನಿಗೆ ಆ ಅನುಕೂಲ ಇರಲಿಲ್ಲ. ಜಂತಿಗೆ ಸಿಕ್ಕಿಸಿದ ಅಜ್ಜನ ಬಿಲ್ಲು ಕಾಗದದ ಮೇಲೆ ಅಪರಾಧದ ವಸ್ತುವಾಗಬಲ್ಲ ಕಾಲದಲ್ಲಿ, ಅದನ್ನು ಉಳಿಸಿಕೊಳ್ಳುವ ಉಮೇದು ಯಾರಿಗೆ ಇದ್ದೀತು? ಗೆದ್ದಲು ತಿಂದ ಬಿಲ್ಲಿಗೆ ಬದಲು ಹೊಸದನ್ನು ಮಾಡುವವರು ಕಡಿಮೆಯಾದರು. ಮಾಡುವವರಿಲ್ಲದ ಮೇಲೆ ಹಿಡಿಗೆ ಹುರಿ ಸುತ್ತುವುದೂ ಕೊಪ್ಪಿಗೆ ಮೊಗ್ಗು ಕೆತ್ತುವುದೂ ಮರೆಯಿತು. ಉಳಿದದ್ದು ಆಟದ ಬಿಲ್ಲು. ಬಾಣ ಹೊಡೆಯದ ಆ ಬಿಲ್ಲಿನ ಮೇಲೆ ಮೈತುಂಬ ಬಳ್ಳಿ ಕೆತ್ತಲು ಕಾಯಿದೆಯದೂ ಅಡ್ಡಿಯಿಲ್ಲ, ಮರದ್ದೂ ಅಡ್ಡಿಯಿಲ್ಲ.

ಹೀಗೆ ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತು. ಖರೇ ಬಿಲ್ಲಿನ ಮೇಲೆ ಚಿತ್ತಾರ ಇತ್ತು, ಆದರೆ ಎರಡು ತುದಿಗೆ ಮತ್ತು ಹಿಡಿಗೆ. ಮೈತುಂಬ ಬಳ್ಳಿ ಇದ್ದದ್ದು ಅರ್ಜುನನ ಬಿಲ್ಲಿಗೆ. ಅದು ಸೋಗು ಅಲ್ಲ, ಹಳೇಬೀಡಿನ ರೂವಾರಿಯೂ ಅದನ್ನೇ ಮಾಡಿದ್ದ.

ಇನ್ನು ಮೇಲೆ ಏನು ಬರೆದುಕೊಳ್ಳಬೇಕು

ನಾವು ಅಕ್ಷರಕ್ಕಾಗಿ ಎಷ್ಟು ಜಗಳ ಆಡುತ್ತೇವೆ! ಆತಕೂರು ಶಾಸನದಲ್ಲಿ ಒಂದು ಪದದ ಓದು ಬದಲಾದದ್ದಕ್ಕೆ ಗಂಗ ಬೂತುಗ ಮೋಸದಿಂದ ಕೊಂದವನು ಎಂಬ ಅಪವಾದದಿಂದ ಪಾರಾಗಿ, ಆನೆಯ ಅಂಬಾರಿಯನ್ನೇ ಕಾಳಗದ ಕಣ ಮಾಡಿಕೊಂಡ ವೀರನಾದ. ಆ ಶ್ರದ್ಧೆ ಸರಿಯಾದದ್ದೇ. 1886ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಶುರುಮಾಡಿದಾಗಿನಿಂದ ನಾವು ಕಲಿತದ್ದು ಮುಖ್ಯವಾಗಿ ಪಾಠ ಉಳಿಸುವುದನ್ನು. ಪಡಿಯಚ್ಚೂ ಅಷ್ಟೆ. ಒದ್ದೆ ಕಾಗದ ಅಕ್ಷರದ ತಗ್ಗಿಗೆ ಚೆನ್ನಾಗಿ ಇಳಿಯುತ್ತದೆ, ಉಬ್ಬುಶಿಲ್ಪದ ಮೇಲೆ ಹರಿಯುತ್ತದೆ. ಹಾಗಾಗಿ ಅಕ್ಷರ ಮನೆಗೆ ಬರುತ್ತದೆ, ಬಿಲ್ಲು ಕಲ್ಲಿನ ಮೇಲೇ ಉಳಿದು ಎಣ್ಣೆಗೋ ಬಣ್ಣಕ್ಕೋ ಸಿಮೆಂಟಿಗೋ ಸಲ್ಲುತ್ತದೆ.

ಅದಕ್ಕೆ ಈ ತಾಣದ ಕ್ಷೇತ್ರಕಾರ್ಯದ ಗೆಳೆಯರಲ್ಲಿ ಒಂದು ವಿನಂತಿ. ವೀರಗಲ್ಲಿನ ಮುಂದೆ ನಿಂತಾಗ, ಅಕ್ಷರ ಇರಲಿ ಬಿಡಲಿ, ಬಿಲ್ಲಿಗೂ ಐದು ಸಾಲು ಕೊಡಿ. ಒಂದು, ಬಾಗು ಒಂದೋ ಎರಡೋ. ಎರಡು, ಕೊಪ್ಪು ಒಳಕ್ಕಿದೆಯೋ ಹೊರಕ್ಕೆ ತಿರುಗಿದೆಯೋ, ಅದರ ಮೇಲೆ ಕೆತ್ತನೆ ಇದೆಯೋ. ಮೂರು, ಹಿಡಿಯ ಹತ್ತಿರ ಗೆರೆಗಳಿವೆಯೋ. ನಾಲ್ಕು, ಹೆದೆ ತೋರಿಸಿದ್ದಾನೋ ಬಿಟ್ಟಿದ್ದಾನೋ. ಐದು, ವೀರನ ಎತ್ತರಕ್ಕೆ ಹೋಲಿಸಿದರೆ ಬಿಲ್ಲು ಎಷ್ಟುದ್ದ. ಓರೆ ಬಿಸಿಲಿನಲ್ಲಿ ಒಂದು ಫೋಟೋ. ಹತ್ತು ನಿಮಿಷದ ಕೆಲಸ. ಕಾಲ ಗೊತ್ತಿರುವ ನೂರಾರು ಕಲ್ಲುಗಳಿಂದ ಇಷ್ಟು ಸೇರಿದರೆ, ಯಾವ ಸೀಮೆಯಲ್ಲಿ ಯಾವ ಕಾಲಕ್ಕೆ ಎಂಥ ಬಿಲ್ಲಿತ್ತು ಎಂದು ಹೇಳುವ ಧೈರ್ಯ ಬಂದೀತು. ಆದರೆ ಊರಿನ ಬಡಿಗರನ್ನೋ ಕಮ್ಮಾರರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅವರ ಬೆರಳಿಗೆ ಕಾಣುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಮಳೆಗಾಲ ಕಳೆದ ಮೇಲೆ ಕಾಕಾ ರವಿವಾರ ಪೇಟೆಯಲ್ಲಿ ಮತ್ತೆ ಸಿಕ್ಕರು. ಚೀಲದಲ್ಲಿ ಹೊಸ ಬಿಲ್ಲು. ಅರ್ಜುನನದ್ದಲ್ಲ, ಪಾತ್ರ ಕಿರಾತನದು. ಬೇಗಡೆ ಹಚ್ಚಿರಲಿಲ್ಲ. ಮೈ ಬೋಳು, ಹಿಡಿಗೆ ಮೂರು ಸುತ್ತು ಸಣಬಿನ ಹುರಿ, ಕೊಪ್ಪಿಗೆ ಮೊಗ್ಗು.

“ಕೆಳಗಿನ ಕೊಪ್ಪು ಹೆಂಗ ಮಾಡಿದ್ರಿ ಕಾಕಾ? ಅದು ಸಿಮೆಂಟಿನ್ಯಾಗ ಹೋಗೇತಲ್ಲ.”

“ಮ್ಯಾಲಿಂದು ನೋಡೇ ಮಾಡಿದ್ನಿರಿ,” ಅಂದರು. “ಆದ್ರ ಖರೇ ಅದು ಹಂಗ ಐತೋ ಇಲ್ಲೋ, ಯಾರಿಗೆ ಗೊತ್ತು.”